ಮನೆಮಂದಿಯೆಲ್ಲ ಸೇರಿ ಸ್ವಯಂಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನೂ ಕರೆದುಕೊಂಡು ಸುತ್ತಮುತ್ತಲ ಜನಕ್ಕೆ ಏನಾದರೂ ಮಾಡಬೇಕು ಅಂತ ಆಸೆಪಡುವವರು ತುಂಬಾ ಜನ. ಎಲ್ಲಿಗೆ ಹೋಗುವುದು, ಮಕ್ಕಳಿಂದ ಏನಾದೀತು, ಅಪಾಯ ಇಲ್ಲವಾ ಅನ್ನುವ ಪ್ರಶ್ನೆಗಳಲ್ಲೇ ಆಸೆ ಉಳಿದುಬಿಡುತ್ತದೆ. ಇಲ್ಲಿನ ಉತ್ತರಗಳಿಗೆಲ್ಲ ಅಳತೆಗೋಲು ಒಂದೇ: ಆ ಕೆಲಸ ನಿಜಕ್ಕೂ ಯಾರಿಗಾದರೂ ಬೇಕಾಗಿರಬೇಕು, ಮನೆಗೆ ಹತ್ತಿರ ಇರಬೇಕು, ಮತ್ತೆ ಮತ್ತೆ ಮಾಡುವಷ್ಟು ಚಿಕ್ಕದಾಗಿರಬೇಕು.

ಎಷ್ಟು ವಯಸ್ಸಿನ ಮಕ್ಕಳನ್ನು ಸೇರಿಸಿಕೊಳ್ಳಬಹುದು?

ನಡೆಯಲು ಕಲಿತ ಮಗುವಿಗೂ ಕೆಲಸ ಇದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಹೆಸರುವಾಸಿ. ಒಂದೂವರೆ ವರ್ಷದ ಮಕ್ಕಳ ಮುಂದೆ ದೊಡ್ಡವರೊಬ್ಬರು ಕೈಜಾರಿದಂತೆ ವಸ್ತುವೊಂದನ್ನು ಬೀಳಿಸುತ್ತಿದ್ದರು, ಆಮೇಲೆ ಎಟುಕದೆ ಒದ್ದಾಡುತ್ತಿದ್ದರು. ಯಾರೂ ಹೇಳಿಕೊಡದಿದ್ದರೂ ಹೆಚ್ಚಿನ ಮಕ್ಕಳು ಎತ್ತಿ ಕೊಟ್ಟವು. ಅಂದರೆ ಸಹಾಯ ಮಾಡುವ ಮನಸ್ಸನ್ನು ನಾವು ಹೊಸದಾಗಿ ತುಂಬಬೇಕಿಲ್ಲ. ಇರುವುದಕ್ಕೆ ಜಾಗ ಮಾಡಿಕೊಟ್ಟರೆ ಸಾಕು.

ಮೂರರಿಂದ ಐದು ವರ್ಷದವರು ಬಣ್ಣ ನೋಡಿ ವಸ್ತು ಬೇರ್ಪಡಿಸಬಲ್ಲರು, ಗಿಡಕ್ಕೆ ನೀರು ಹಾಕಬಲ್ಲರು, ಶುಭಾಶಯ ಪತ್ರಕ್ಕೆ ಚಿತ್ರ ಬರೆಯಬಲ್ಲರು. ಓದಲು ಬಂದ ಮೇಲೆ ಎಣಿಸುವುದು, ಚೀಟಿ ಅಂಟಿಸುವುದು, ಪುಸ್ತಕ ಜೋಡಿಸುವುದು ಅವರಿಗೆ ಆಟ ಇದ್ದ ಹಾಗೆ. ಹತ್ತು ದಾಟಿದವರಿಗೆ ಲೆಕ್ಕ ಬರೆಯುವ, ಚಿಕ್ಕವರನ್ನು ನೋಡಿಕೊಳ್ಳುವ ಜವಾಬ್ದಾರಿ ಕೊಡಿ. ಹದಿಹರೆಯದವರು ಪಾಠ ಹೇಳಬಲ್ಲರು, ತಂಡ ನಡೆಸಬಲ್ಲರು. ಇದು ಅಂದಾಜು ಅಷ್ಟೇ. ನಿಮ್ಮ ಮಗುವಿನ ತಾಳ್ಮೆ ಎಷ್ಟು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು?

ಪುಟ್ಟ ಮಕ್ಕಳಿದ್ದರೆ ಒಂದು ಸಲಕ್ಕೆ ಮುಕ್ಕಾಲು ಗಂಟೆ ಧಾರಾಳ. ವಾರಕ್ಕೊಮ್ಮೆ ಆಗದಿದ್ದರೆ ತಿಂಗಳಿಗೊಮ್ಮೆ ಆಗಲಿ. ಮೊದಲ ತಿಂಗಳು ಐದು ಕಡೆ ಹೆಸರು ಕೊಟ್ಟು ಎರಡನೇ ತಿಂಗಳು ಎಲ್ಲೂ ಕಾಣಿಸದಿರುವ ಆರಂಭಶೂರತನ ಬೇಡ.

ಹತ್ತಿರದಲ್ಲಿ ಅವಕಾಶ ಹುಡುಕುವುದು ಹೇಗೆ?

ಇಂಟರ್‌ನೆಟ್ ತೆರೆಯುವ ಮೊದಲು ದಿನಾ ಓಡಾಡುವ ದಾರಿಯನ್ನು ನೋಡಿ. ಗ್ರಂಥಾಲಯ, ಶಾಲೆ, ಉದ್ಯಾನ, ಆಸ್ಪತ್ರೆ, ಪ್ರಾಣಿಗಳ ಆಶ್ರಯ ಕೇಂದ್ರ, ವೃದ್ಧಾಶ್ರಮ, ಪ್ರಾರ್ಥನಾ ಸ್ಥಳ, ಆಹಾರ ಹಂಚುವ ಕೇಂದ್ರ. ಇವುಗಳಲ್ಲಿ ನಾಲ್ಕಾದರೂ ನಿಮ್ಮ ದಾರಿಯಲ್ಲಿ ಸಿಗುತ್ತವೆ. ಒಳಗೆ ಹೋಗಿ, "ನಿಮ್ಮಲ್ಲಿ ಕೈ ಸಾಲದೆ ನಿಂತಿರುವ ಕೆಲಸ ಯಾವುದಾದರೂ ಇದೆಯಾ?" ಅಂತ ಕೇಳಿ. "ನಾವು ಏನಾದರೂ ಮಾಡಬಹುದಾ?" ಅಂತ ಕೇಳಿದರೆ ಅವರು ಪಾಪ, ನಿಮಗಾಗಿ ಒಂದು ಕೆಲಸ ಹುಟ್ಟಿಸಬೇಕಾಗುತ್ತದೆ.

ಸಂಸ್ಥೆಯೇ ಬೇಕು ಅಂತಲೂ ಇಲ್ಲ. ಒಂಟಿಯಾಗಿರುವ ಹಿರಿಯರಿಗೆ ಔಷಧಿ ತಂದುಕೊಡುವುದು, ಬಾಣಂತಿಯ ಮನೆಯ ದೊಡ್ಡ ಮಗುವನ್ನು ಒಂದು ಸಂಜೆ ಆಡಿಸುವುದು, ಹೊಸದಾಗಿ ಬಂದ ಕುಟುಂಬಕ್ಕೆ ಜಾಗ ಪರಿಚಯ ಮಾಡಿಸುವುದು ಕೂಡ ಸ್ವಯಂಸೇವೆಯೇ. ಇದಕ್ಕೆ ಬ್ಯಾನರ್ ಕಟ್ಟುವವರಿಲ್ಲ, ಅಷ್ಟೇ ವ್ಯತ್ಯಾಸ.

ಸಂಸ್ಥೆಗೆ ಫೋನ್ ಮಾಡಿದಾಗ ಏನೇನು ಕೇಳಿಕೊಳ್ಳಬೇಕು?

ಮಕ್ಕಳಿಗೆ ಕನಿಷ್ಠ ವಯಸ್ಸು ಎಷ್ಟು, ಪೋಷಕರು ಜೊತೆಗಿರಬೇಕಾ, ಕೆಲಸ ಎಷ್ಟು ಹೊತ್ತು, ಶೌಚಾಲಯ ಎಲ್ಲಿದೆ, ಏನು ತೊಟ್ಟು ಬರಬೇಕು, ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ. ಶೌಚಾಲಯದ ಪ್ರಶ್ನೆ ಕ್ಷುಲ್ಲಕ ಅನ್ನಿಸಬಹುದು. ನಾಲ್ಕು ವರ್ಷದ ಮಗು ಜೊತೆಗಿದ್ದರೆ ಅದೇ ಮುಖ್ಯ ಪ್ರಶ್ನೆ.

ಕಸ ಹೆಕ್ಕುವ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆದೊಯ್ಯುವುದು ಸುರಕ್ಷಿತವಾ?

ಜಾಗ ನೋಡಿ ಹೇಳಬೇಕು. ಉದ್ಯಾನ, ಆಟದ ಮೈದಾನ, ಅಲೆ ಜೋರಿಲ್ಲದ ದಡ ಆದರೆ ಸರಿ. ವಾಹನ ಓಡಾಡುವ ರಸ್ತೆಯಂಚು, ಚರಂಡಿ, ರೈಲ್ವೆ ಹಳಿಯ ಪಕ್ಕ ಬೇಡವೇ ಬೇಡ. ಎಲ್ಲರ ಕೈಗೂ ದಪ್ಪ ಗ್ಲೌಸ್, ಕಾಲಿಗೆ ಮುಚ್ಚಿದ ಬೂಟು ಇರಲಿ. ಮಕ್ಕಳ ಕೈಗೆ ಉದ್ದನೆಯ ಇಕ್ಕಳ ಕೊಡಿ. ಅದನ್ನು ಹಿಡಿದ ಮೇಲೆ ಅವರ ಉತ್ಸಾಹ ಎರಡು ಪಟ್ಟಾಗುತ್ತದೆ.

ಹೊರಡುವ ಮೊದಲು ಒಂದು ನಿಯಮ ಬಾಯಿಪಾಠ ಮಾಡಿಸಿ: ಸೂಜಿ, ಸಿರಿಂಜ್, ಒಡೆದ ಗಾಜು, ಬ್ಯಾಟರಿ, ಸತ್ತ ಪ್ರಾಣಿ, ಒಳಗೇನಿದೆ ಅಂತ ಗೊತ್ತಿಲ್ಲದ ಬಾಟಲಿ ಕಂಡರೆ ಮುಟ್ಟಬಾರದು, ನಿಂತಲ್ಲೇ ನಿಂತು ದೊಡ್ಡವರನ್ನು ಕೂಗಬೇಕು. ಮುಗಿದ ಮೇಲೆ ಗ್ಲೌಸ್ ಹಾಕಿದ್ದವರೂ ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಕೈ ತೊಳೆಯಬೇಕು.

ಇನ್ನೊಂದು ಮಾತು. ಹೆಕ್ಕಿದ್ದನ್ನು ಎಣಿಸಿ ಬರೆದುಕೊಳ್ಳಿ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಶುರುವಾದ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ಅಭಿಯಾನ ಬೇರೆಯವುಗಳಿಗಿಂತ ಭಿನ್ನವಾಗಿದ್ದು ಇಲ್ಲೇ. ಅಲ್ಲಿ ಸ್ವಯಂಸೇವಕರು ಸಿಕ್ಕ ಒಂದೊಂದು ವಸ್ತುವನ್ನೂ ಪಟ್ಟಿ ಮಾಡುತ್ತಾರೆ. ಆ ಪಟ್ಟಿಗಳಿಂದಲೇ ದಡಗಳಲ್ಲಿ ದಶಕಗಳ ಕಾಲ ಸಿಗರೇಟ್ ತುಂಡುಗಳೇ ಎಲ್ಲಕ್ಕಿಂತ ಜಾಸ್ತಿ ಸಿಗುತ್ತಿದ್ದವು ಅಂತ ಗೊತ್ತಾಯಿತು. ಎಣಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ಒಂದೇ ಜಾಗದ ಪಟ್ಟಿ ನಾಲ್ಕಾರು ತಿಂಗಳು ಸೇರಿದರೆ, "ಇಲ್ಲೊಂದು ಕಸದ ಬುಟ್ಟಿ ಬೇಕು" ಅಂತ ಸ್ಥಳೀಯ ಆಡಳಿತಕ್ಕೆ ಬರೆಯುವ ಪತ್ರಕ್ಕೆ ಅದೇ ಆಧಾರ.

ಸಸಿ ನೆಡುವ ಕಾರ್ಯಕ್ರಮ ಹೇಗೆ?

ನೆಡುವುದಕ್ಕಿಂತ ಉಳಿಸುವುದು ಕಷ್ಟ. ನೆಟ್ಟ ದಿನ ನೂರು ಜನ ಇರುತ್ತಾರೆ, ಬೇಸಿಗೆಯಲ್ಲಿ ನೀರು ಹಾಕಲು ಒಬ್ಬರೂ ಇರುವುದಿಲ್ಲ. ನಿಮ್ಮ ಕುಟುಂಬ ಆ ಎರಡನೇ ಕೆಲಸ ಹಿಡಿದುಕೊಳ್ಳಲಿ. ಈಗಾಗಲೇ ಯಾರೋ ನೆಟ್ಟು ಮರೆತ ಎರಡು ಸಸಿ ಆರಿಸಿಕೊಳ್ಳಿ. ಬೇರು ಆಳಕ್ಕೆ ಇಳಿಯುವ ತನಕ, ಅಂದರೆ ಮೊದಲ ಎರಡು ಮೂರು ವರ್ಷ, ಒಣ ಕಾಲದಲ್ಲಿ ಅವುಗಳಿಗೆ ನೀರು ಬೇಕು. ದಿನಾ ಚಿಮುಕಿಸುವುದಕ್ಕಿಂತ ಕೆಲವು ದಿನಕ್ಕೊಮ್ಮೆ ಮಣ್ಣಿನ ಆಳಕ್ಕೆ ಇಳಿಯುವಷ್ಟು ಹಾಕಿದರೆ ಬೇರು ಕೆಳಗೆ ಹೋಗುತ್ತದೆ. ಬುಡದ ಸುತ್ತ ಒಣ ಎಲೆ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಕಟ್ಟಿದ ದಾರ ಕಾಂಡಕ್ಕೆ ಕಚ್ಚಿಕೊಂಡಿದ್ದರೆ ಸಡಿಲಿಸಿ. ತಿಂಗಳಿಗೊಮ್ಮೆ ಮಗು ಗಿಡದ ಪಕ್ಕ ನಿಂತು ಎತ್ತರ ಅಳೆಯಲಿ, ಇಬ್ಬರದ್ದೂ!

ವೃದ್ಧಾಶ್ರಮಕ್ಕೆ ಮಕ್ಕಳನ್ನು ಕರೆದೊಯ್ಯಬಹುದಾ? ಅಲ್ಲಿ ಏನು ಮಾಡುವುದು?

ಖಂಡಿತ. ಮಕ್ಕಳು ನಿಜವಾಗಿ ಬೇಕಾದ ಜಾಗ ಅದು. ಆದರೆ ಹಬ್ಬದ ದಿನ ದಂಡುಕಟ್ಟಿಕೊಂಡು ಹೋಗಿ, ಹಾಡು ಹೇಳಿಸಿ, ಉಡುಗೊರೆ ಹಂಚಿ ಬರುವುದನ್ನು ನಾನು ಸ್ವಯಂಸೇವೆ ಅನ್ನುವುದಿಲ್ಲ. ವಿಶೇಷ ದಿನಗಳಲ್ಲಿ ಅಲ್ಲಿ ಜನವೋ ಜನ. ಮಾಮೂಲಿ ಮಂಗಳವಾರದ ಮಧ್ಯಾಹ್ನ ಯಾರೂ ಇಲ್ಲ. ನೀವು ಆ ಮಂಗಳವಾರದವರಾಗಿ.

ಮಾತು ಹೊಳೆಯುವುದಿಲ್ಲ ಅಂತ ಹೆದರಬೇಡಿ. ಕೈಯಲ್ಲೊಂದು ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಪಗಡೆ, ಚೆಸ್, ಇಸ್ಪೀಟು, ಹೆಣಿಗೆ, ಪೇಪರ್ ಓದಿ ಹೇಳುವುದು, ಮೊಬೈಲ್‌ನಲ್ಲಿ ವಿಡಿಯೋ ಕರೆ ಮಾಡಲು ಕಲಿಸುವುದು. ಇದರಲ್ಲಿ ಕೊನೆಯದಕ್ಕೆ ಹನ್ನೆರಡು ವರ್ಷದವರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಹಿರಿಯರಿಗೂ ಕಲಿಸಲು ಬಿಡಿ. ಸದಾ ಪಡೆಯುವವರಾಗಿಯೇ ಇರುವುದು ಯಾರಿಗೂ ಇಷ್ಟವಿಲ್ಲ, ಅಲ್ವಾ?

ಕೆಲವು ಎಚ್ಚರಿಕೆ ಬೇಕು. ಮನೆಯಲ್ಲಿ ಯಾರಿಗಾದರೂ ನೆಗಡಿ, ಜ್ವರ, ಭೇದಿ ಇದ್ದರೆ ಆ ವಾರ ಹೋಗಬೇಡಿ. ಮಗುವಿನ ಸಣ್ಣ ಕೆಮ್ಮು ವಯಸ್ಸಾದವರಿಗೆ ದೊಡ್ಡ ಕಾಯಿಲೆ ಆಗಬಹುದು. ಸಿಬ್ಬಂದಿಯನ್ನು ಕೇಳದೆ ತಿನ್ನಲು ಏನನ್ನೂ ಕೊಡಬೇಡಿ. ಮಧುಮೇಹ ಇರುವವರು, ನುಂಗಲು ತೊಂದರೆ ಇರುವವರು ಯಾರು ಅಂತ ನಿಮಗೆ ತಿಳಿಯದು. ಮರೆವಿನ ಕಾಯಿಲೆ ಇರುವವರು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಬಹುದು, ನಿಮ್ಮ ಮಗುವನ್ನು ತಮ್ಮ ಮೊಮ್ಮಗು ಅಂದುಕೊಳ್ಳಬಹುದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ತಿದ್ದಬೇಕಿಲ್ಲ, ವಾದ ಬೇಡ, ಮತ್ತೊಮ್ಮೆ ಉತ್ತರ ಹೇಳಿದರೆ ಆಯಿತು.

ಮುಂದಿನ ವಾರ ಬರುವುದು ಖಾತ್ರಿ ಇಲ್ಲದಿದ್ದರೆ "ಬರ್ತೀವಿ" ಅನ್ನಬೇಡಿ. ಅವರು ಕಾಯುತ್ತಾರೆ.

ಮಗುವಿನ ಹುಟ್ಟುಹಬ್ಬವನ್ನು ಅನಾಥಾಶ್ರಮದಲ್ಲಿ ಆಚರಿಸೋಣ ಅಂದುಕೊಂಡಿದ್ದೇವೆ. ಒಳ್ಳೆಯದಲ್ವಾ?

ಉದ್ದೇಶ ಒಳ್ಳೆಯದೇ. ಆದರೂ ಬೇಡ ಅಂತಲೇ ಹೇಳುತ್ತೇನೆ. ಅಪ್ಪ ಅಮ್ಮನ ಕೈ ಹಿಡಿದು ಬಂದ ಮಗು ಕೇಕ್ ಕತ್ತರಿಸುವುದನ್ನು ಅಲ್ಲಿನ ಮಕ್ಕಳು ಸಾಲಾಗಿ ಕೂತು ನೋಡಬೇಕು. ಯಾರೋ ಬರುತ್ತಾರೆ, ಮುದ್ದಾಡುತ್ತಾರೆ, ಹೊರಟುಹೋಗುತ್ತಾರೆ. ವಾರ ವಾರವೂ ಹೀಗೆ ಆಗುತ್ತಿದ್ದರೆ ನೆಚ್ಚಿಕೊಳ್ಳುವುದೇ ಆ ಮಕ್ಕಳಿಗೆ ಕಷ್ಟವಾಗುತ್ತದೆ. ಅನಾಥಾಶ್ರಮಗಳಿಗೆ ಹೋಗಿ ಬರುವ ಇಂಥ ಸ್ವಯಂಸೇವೆ ಮತ್ತು ಪ್ರವಾಸಗಳಿಂದ ಆಗುವ ಹಾನಿಯ ಬಗ್ಗೆ 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೇ ನಿರ್ಣಯವೊಂದರಲ್ಲಿ ಕಳವಳ ಹೇಳಿದೆ.

ಸಹಾಯ ಮಾಡುವ ಮನಸ್ಸಿದ್ದರೆ ಮಕ್ಕಳ ಮುಂದೆ ಹೋಗದೆಯೂ ಮಾಡಬಹುದು. ಶಾಲೆಯ ಚೀಲ, ಪುಸ್ತಕ, ಹೊದಿಕೆ ಏನು ಬೇಕು ಅಂತ ಕೇಳಿ ತಲುಪಿಸಿ. ಗೋಡೆಗೆ ಬಣ್ಣ, ಕೈತೋಟ, ಕಂಪ್ಯೂಟರ್ ರಿಪೇರಿ ಇದ್ದರೆ ಮಾಡಿಕೊಡಿ. ವರ್ಷಗಟ್ಟಲೆ ಬರಲು ಸಿದ್ಧರಿದ್ದು, ಸಂಸ್ಥೆಯವರು ನಿಮ್ಮ ಹಿನ್ನೆಲೆ ಪರಿಶೀಲಿಸಿ ಒಪ್ಪಿದರೆ ಪಾಠ ಹೇಳಿಕೊಡಬಹುದು. ಪರಿಶೀಲನೆ ಏನೂ ಇಲ್ಲದೆ ಯಾರು ಬೇಕಾದರೂ ಮಕ್ಕಳ ಬಳಿ ಹೋಗಬಹುದು ಅನ್ನುವ ಜಾಗವಾದರೆ ಅದೇ ಒಂದು ಅಪಾಯದ ಸೂಚನೆ.

ನಾಯಿ ಬೆಕ್ಕುಗಳ ಆಶ್ರಯ ಕೇಂದ್ರದಲ್ಲಿ?

ಮಕ್ಕಳು ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನೇ. ಹಲವು ಕೇಂದ್ರಗಳು ಚಿಕ್ಕ ಮಕ್ಕಳಿಗೆ ಪ್ರಾಣಿಗಳನ್ನು ಮುಟ್ಟಲು ಬಿಡುವುದಿಲ್ಲ, ಅದು ಸರಿಯೂ ಹೌದು. ಆದರೆ ಹಾಸಲು ಹಳೆಯ ಪೇಪರ್, ಟವೆಲ್ ಸಂಗ್ರಹಿಸುವುದು, ಹಗ್ಗ ಹೆಣೆದು ಆಟಿಕೆ ಮಾಡುವುದು, ದತ್ತು ಕೊಡಲಿರುವ ಪ್ರಾಣಿಗಳ ಬಗ್ಗೆ ಚಂದದ ಪೋಸ್ಟರ್ ಬರೆಯುವುದು ಮನೆಯಲ್ಲೇ ಆಗುತ್ತದೆ. ಕೆಲವು ಕಡೆ ಮಕ್ಕಳು ಗೂಡಿನ ಹೊರಗೆ ಕೂತು ನಾಯಿಗಳಿಗೆ ಕತೆ ಓದಿ ಹೇಳುತ್ತಾರೆ. ಹೆದರಿದ ನಾಯಿಗೆ ಮನುಷ್ಯರ ದನಿ ರೂಢಿಯಾಗುತ್ತದೆ, ಓದಲು ತಡವರಿಸುವ ಮಗುವಿಗೆ ತಪ್ಪು ಹಿಡಿಯದ ಕೇಳುಗ ಸಿಗುತ್ತದೆ.

ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ವೈದ್ಯರ ಬಳಿ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಬೈದಾರು ಅಂತ ಮಗು ಮುಚ್ಚಿಡದಂತೆ ಮೊದಲೇ ಧೈರ್ಯ ಹೇಳಿರಿ.

ಹಳೆಯ ಬಟ್ಟೆ, ಆಟಿಕೆ, ಪುಸ್ತಕ ಕೊಡುವುದು?

ನಿಮ್ಮದೇ ನೆಂಟರ ಮಗುವಿಗೆ ಸಂಕೋಚವಿಲ್ಲದೆ ಕೊಡುವಂಥದ್ದಾದರೆ ಕೊಡಿ. ಗುಂಡಿ ಕಿತ್ತ ಅಂಗಿ, ತುಂಡು ಕಳೆದುಹೋದ ಜಿಗ್‌ಸಾ, ಅರ್ಧ ಬರೆದ ಅಭ್ಯಾಸ ಪುಸ್ತಕ ಕೊಟ್ಟರೆ ಅದನ್ನು ಬೇರ್ಪಡಿಸಿ ಎಸೆಯುವ ಕೆಲಸ ಅವರ ತಲೆಗೆ. ಒಗೆದು, ಗುಂಡಿ ಹಾಕಿ, ಅಳತೆ ಬರೆದ ಚೀಟಿ ಅಂಟಿಸುವುದು ಇಡೀ ಮನೆಗೆ ಒಂದು ಒಳ್ಳೆಯ ಭಾನುವಾರದ ಕೆಲಸ. ಒಂದು ಮಾತು: ಮಗುವಿನ ಆಟಿಕೆಯನ್ನು ಅದರ ಒಪ್ಪಿಗೆ ಇಲ್ಲದೆ ಕೊಡಬೇಡಿ. ಅದು ಮಗುವಿನ ದಾನ ಆಗುವುದಿಲ್ಲ, ನಿಮ್ಮ ದಾನವೂ ಅಲ್ಲ.

ಹೊರಗೆ ಹೋಗುವ ಸ್ಥಿತಿಯಲ್ಲಿಲ್ಲ. ಮನೆಯಿಂದಲೇ ಏನಾದರೂ?

ಬೇಕಾದಷ್ಟಿದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಗಣತಿಗೆ ಕಿಟಕಿ ಪಕ್ಕ ಕೂತು ಹದಿನೈದು ನಿಮಿಷ ಹಕ್ಕಿ ಎಣಿಸಿದರೂ ಸಾಕು. 1998ರಲ್ಲಿ ಶುರುವಾದ ಇದು 2013ರಿಂದ ಇಡೀ ಪ್ರಪಂಚಕ್ಕೆ ತೆರೆದಿದೆ. ಹೆಸರು ಗೊತ್ತಿಲ್ಲದ ಹಕ್ಕಿ ಕಂಡರೆ ಮರ್ಲಿನ್ ಎಂಬ ಉಚಿತ ಆ್ಯಪ್ ಸಹಾಯ ಮಾಡುತ್ತದೆ. ಗಿಡ, ಕೀಟಗಳ ಹುಚ್ಚಿರುವ ಮಕ್ಕಳಿಗೆ ಸೀಕ್ ಎಂಬ ಆ್ಯಪ್ ಇದೆ. ಅದಕ್ಕೆ ಖಾತೆ ತೆರೆಯುವುದೇ ಬೇಡ, ಹಾಗಾಗಿ ಚಿಕ್ಕವರಿಗೆ ಅನುಕೂಲ.

ಸಾಮಾನ್ಯ ಜನರೂ ವಿಜ್ಞಾನಿಗಳ ಸಂಶೋಧನೆಗೆ ಕೈಜೋಡಿಸುವ ಝೂನಿವರ್ಸ್ ಎಂಬ ಜಾಲತಾಣದ ಪೆಂಗ್ವಿನ್ ವಾಚ್ ಯೋಜನೆಯಲ್ಲಿ ಚಿತ್ರ ನೋಡಿ ಪೆಂಗ್ವಿನ್‌ಗಳನ್ನು ಗುರುತು ಹಾಕಬೇಕು. ಐದು ವರ್ಷದವರೂ ತೊಡೆ ಮೇಲೆ ಕೂತು ಬೆರಳು ತೋರಿಸಬಹುದು. ಹದಿಹರೆಯದವರಿಗೆ 2014ರಲ್ಲಿ ಶುರುವಾದ ಮಿಸ್ಸಿಂಗ್ ಮ್ಯಾಪ್ಸ್ ಹೇಳಿ ಮಾಡಿಸಿದ್ದು. ನಕ್ಷೆಯಲ್ಲಿ ಇನ್ನೂ ಸೇರದ ಊರುಗಳ ಉಪಗ್ರಹ ಚಿತ್ರ ನೋಡಿ ಮನೆ, ರಸ್ತೆಗಳನ್ನು ಗುರುತಿಸುವ ಕೆಲಸ. ಪ್ರವಾಹ, ಭೂಕಂಪದ ಹೊತ್ತಿನಲ್ಲಿ ಪರಿಹಾರ ತಂಡಗಳಿಗೆ ಆ ನಕ್ಷೆ ಬೇಕಾಗುತ್ತದೆ.

ಆದರೂ, ಸಾಧ್ಯವಿದ್ದರೆ, ಮುಖ ನೋಡಿ ಮಾಡುವ ಒಂದು ಕೆಲಸವೂ ಜೊತೆಗಿರಲಿ.

ಮಕ್ಕಳಿಗೆ ಏನಾದರೂ ಬಹುಮಾನ ಕೊಡಬೇಕಾ?

ಬೇಡ. ಅದೇ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ 2008ರಲ್ಲಿ ಇದನ್ನೂ ಪರೀಕ್ಷಿಸಿದರು. ಸಹಾಯ ಮಾಡಿದಾಗಲೆಲ್ಲ ವಸ್ತುರೂಪದ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದವು. ಕೆಲಸ ಮುಗಿದ ಮೇಲೆ ಎಲ್ಲರೂ ಸೇರಿ ಏನಾದರೂ ತಿಂದು ಮನೆಗೆ ಬಂದರೆ ತಪ್ಪೇನಿಲ್ಲ. "ಬಂದ್ರೆ ಐಸ್‌ಕ್ರೀಂ ಕೊಡಿಸ್ತೀನಿ" ಅಂತ ಮೊದಲೇ ಚೌಕಾಸಿ ಮಾಡಬೇಡಿ, ಅಷ್ಟೇ.

ಮಗು ಬರುವುದಿಲ್ಲ ಅಂತ ಹಟ ಹಿಡಿದರೆ?

ಮೊದಲು ಕಾರಣ ಹುಡುಕಿ. ಬಹಳ ಸಲ ಮಗುವಿಗೆ ಅಲ್ಲಿ ನಿಜವಾದ ಕೆಲಸವೇ ಇರುವುದಿಲ್ಲ. ದೊಡ್ಡವರು ಮಾಡುತ್ತಾರೆ, ಅದು ಸುಮ್ನೆ ನಿಂತು ನೋಡುತ್ತದೆ. ಬೇಸರವಾಗದೆ ಇನ್ನೇನು? ಯಾವ ಕೆಲಸ ಅಂತ ಆರಿಸುವಾಗಲೇ ಅದರ ಮಾತು ಕೇಳಿ. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಮಕ್ಕಳ ಹಕ್ಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೇ ಹೇಳುತ್ತದೆ. ಎರಡು ಮೂರು ಸಲ ನೋಡಿದ ಮೇಲೂ ಬೇಡ ಅಂದರೆ ಬೇರೆ ಕೆಲಸ ಹುಡುಕಿ.

"ಅವರನ್ನು ನೋಡು, ನೀನೆಷ್ಟು ಅದೃಷ್ಟವಂತ!" ಎಂಬ ಪಾಠವನ್ನು ದಯವಿಟ್ಟು ಬಿಟ್ಟುಬಿಡಿ. ಇನ್ನೊಬ್ಬರ ಕಷ್ಟ ಇರುವುದು ನಮ್ಮ ಮಕ್ಕಳಿಗೆ ಕೃತಜ್ಞತೆ ಕಲಿಸಲಿಕ್ಕಲ್ಲ. ವಾಪಸ್ ಬರುವಾಗ "ಇವತ್ತು ಯಾವುದು ಕಷ್ಟ ಆಯ್ತು? ಯಾರ ಹತ್ತಿರ ಮಾತಾಡಿದೆ?" ಅಂತ ಕೇಳಿ. ಮಾತು ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ಫೋಟೊ ತೆಗೆದು ಹಾಕಬಹುದಾ?

ನಿಮ್ಮದು, ನೀವು ಕ್ಲೀನ್ ಮಾಡಿದ ಜಾಗದ್ದು ಹಾಕಿ. ಸಹಾಯ ಪಡೆಯುವವರ ಮುಖ ಬೇಡ. ಒಪ್ಪಿಗೆ ಕೇಳಿದಾಗಲೂ, ಕೈಯಲ್ಲಿ ನೀವು ಕೊಟ್ಟ ಚೀಲ ಹಿಡಿದವರು ಬೇಡ ಅನ್ನುವುದು ಕಷ್ಟ.

ಮಕ್ಕಳ ಸುರಕ್ಷತೆಗೆ ಇನ್ನೇನು ಗಮನಿಸಬೇಕು?

ಚಿಕ್ಕ ಮಕ್ಕಳು ಸದಾ ನಿಮ್ಮ ಕಣ್ಣಳತೆಯಲ್ಲಿರಲಿ. ಹದಿಹರೆಯದವರು ಒಬ್ಬರೇ ಹೋಗುವುದಾದರೆ, ಮುಚ್ಚಿದ ಕೋಣೆಯಲ್ಲಿ ದೊಡ್ಡವರೊಬ್ಬರ ಜೊತೆ ಒಂಟಿಯಾಗಿ ಇರುವಂಥ ಕೆಲಸ ಬೇಡ. ಅದು ಎಷ್ಟೇ ಪರಿಚಯದವರಾಗಲಿ. ವೈಯಕ್ತಿಕ ಫೋನ್ ನಂಬರ್ ಕೇಳಿ ಮಗುವಿಗೆ ಪ್ರತ್ಯೇಕವಾಗಿ ಸಂದೇಶ ಕಳಿಸುವವರಿದ್ದರೆ ಸಂಸ್ಥೆಗೆ ತಿಳಿಸಿ. ಒಳ್ಳೆಯ ಸಂಸ್ಥೆ ಇಂಥ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ.

ರಕ್ತದಾನ ಶಿಬಿರಕ್ಕೆ ಮಕ್ಕಳನ್ನು ಕರೆದೊಯ್ಯಬಹುದಾ?

ಸಾಮಾನ್ಯವಾಗಿ ರಕ್ತ ಕೊಡಲು 18 ತುಂಬಿರಬೇಕು. ಆಯೋಜಕರು ಒಪ್ಪಿದರೆ ದಾನಿಗಳಿಗೆ ಕುಡಿಯಲು ಕೊಡುವುದು, ಧನ್ಯವಾದದ ಚೀಟಿ ಬರೆಯುವುದು ಮಕ್ಕಳು ಮಾಡಬಹುದು. ನೀವು ರಕ್ತ ಕೊಡುವುದನ್ನು ಅವರು ನೋಡಲಿ. ಬೆಳೆದ ಮೇಲೆ ಸೂಜಿಯ ಹೆದರಿಕೆ ಕಡಿಮೆ ಇರುತ್ತದೆ.

ಕಾಲೇಜಿಗೆ ಪ್ರಮಾಣಪತ್ರ ಬೇಕು ಅಂತ ಮಗಳು ಮಾಡುತ್ತಿದ್ದಾಳೆ. ಇದು ಸರಿಯಾ?

ಮಾಡಲಿ ಬಿಡಿ. ಯಾವ ಕಾರಣಕ್ಕೆ ಬಂದರೂ ಕೆಲಸ ಕೆಲಸವೇ, ಇಷ್ಟವಾಗಿ ಉಳಿದುಕೊಂಡವರೂ ಇದ್ದಾರೆ. ಆದರೆ ಮಾಡದ ಗಂಟೆಗಳಿಗೆ ಸಹಿ ಹಾಕಿಸಿಕೊಳ್ಳಲು ನೀವು ಸಹಾಯ ಮಾಡಬೇಡಿ.

ಸೇರಲು ಸಂಸ್ಥೆಯವರು ದುಡ್ಡು ಕೇಳುತ್ತಿದ್ದಾರೆ. ಕೊಡಬೇಕಾ?

ವಿಮೆ, ಟೀ ಶರ್ಟ್, ತರಬೇತಿ ಅಂತ ಸಣ್ಣ ಮೊತ್ತ ಕೇಳುವುದುಂಟು. ಯಾವುದಕ್ಕೆ ಅಂತ ಬರೆದುಕೊಡಲಿ, ರಸೀದಿ ಕೊಡಲಿ. ವಿವರ ಕೇಳಿದರೆ ತಡವರಿಸುವವರಿಂದ ದೂರ ಇರಿ.

ಶುರು ಮಾಡಲು ಒಳ್ಳೆಯ ದಿನ ಯಾವುದಾದರೂ ಇದೆಯಾ?

ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, 1985ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಜೂನ್ 5 ವಿಶ್ವ ಪರಿಸರ ದಿನ. ಸೆಪ್ಟೆಂಬರ್ 20 ವಿಶ್ವ ಸ್ವಚ್ಛತಾ ದಿನ. ಈ ಕೊನೆಯದರ ಬೇರು ಎಸ್ಟೋನಿಯಾದಲ್ಲಿದೆ. 2008ರ ಮೇ ತಿಂಗಳಲ್ಲಿ ಆ ಪುಟ್ಟ ದೇಶದಲ್ಲಿ ಸುಮಾರು 50,000 ಜನ ಒಂದೇ ದಿನ ಹೊರಬಂದು ಕಾಡುಮೇಡುಗಳಲ್ಲಿ ಸುರಿದಿದ್ದ ಕಸ ತೆಗೆದರು. 2026ನ್ನು ವಿಶ್ವಸಂಸ್ಥೆ ಸ್ವಯಂಸೇವಕರ ವರ್ಷ ಅಂತಲೇ ಘೋಷಿಸಿದೆ. ಇಂಥ ದಿನಗಳಲ್ಲಿ ಹೊಸಬರು ಸುಲಭವಾಗಿ ಸೇರಿಕೊಳ್ಳಬಹುದು. ಅದೊಂದೇ ದಿನ ಮಾಡಿ ಬಿಟ್ಟರೆ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮನೆಯಲ್ಲಿ ಅಜ್ಜಿ ತಾತ ಇದ್ದಾರೆ, ಮಗಳು ಗಾಲಿಕುರ್ಚಿಯಲ್ಲಿದ್ದಾಳೆ. ಎಲ್ಲರೂ ಸೇರಬಹುದಾ?

ಸೇರಬೇಕು. ಕೂತು ಮಾಡುವ ಕೆಲಸಗಳು ಎಲ್ಲ ಕಡೆ ಇವೆ: ಹೆಸರು ನೋಂದಾಯಿಸುವುದು, ಕಿಟ್ ತುಂಬುವುದು, ಫೋನ್‌ನಲ್ಲಿ ಕ್ಷೇಮ ವಿಚಾರಿಸುವುದು, ಲೆಕ್ಕ ಇಡುವುದು. ಹೋಗುವ ಮೊದಲು ಇಳಿಜಾರು ದಾರಿ ಮತ್ತು ಶೌಚಾಲಯ ಹೇಗಿದೆ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ, ಅದನ್ನು ಮಾಡಿಸುವುದೇ ನಿಮ್ಮ ಮೊದಲ ಸ್ವಯಂಸೇವೆ ಆಗಬಹುದು.

ನಾವೇ ಒಂದು ಗುಂಪು ಕಟ್ಟಬಹುದಾ?

ಮೂರು ಮನೆ ಸೇರಿದರೆ ಗುಂಪು ಆಯಿತು. ಹೆಸರು, ಲೋಗೊ, ಅಧ್ಯಕ್ಷರ ಆಯ್ಕೆಯಲ್ಲಿ ಕಾಲ ಕಳೆಯಬೇಡಿ. ಒಂದು ಜಾಗ, ಒಂದು ಕೆಲಸ, ತಿಂಗಳ ಒಂದು ದಿನ ಗೊತ್ತುಮಾಡಿ. ಸಾರ್ವಜನಿಕ ಜಾಗವಾದರೆ ಅನುಮತಿ ಪಡೆಯಿರಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಯಾರ ಬಳಿ, ಕಸ ತುಂಬಿದ ಚೀಲ ಎಲ್ಲಿಗೆ ಹೋಗಬೇಕು ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ಚೀಲ ತುಂಬಿ ರಸ್ತೆ ಬದಿಗಿಟ್ಟು ಹೋದರೆ ರಾತ್ರಿ ನಾಯಿಗಳು ಅದನ್ನು ಮತ್ತೆ ಹರಡುತ್ತವೆ.

ಮಧ್ಯದಲ್ಲಿ ಬಿಡಬೇಕಾಗಿ ಬಂದರೆ?

ಹೇಳಿ ಬಿಡಿ. ಪರೀಕ್ಷೆ, ಕಾಯಿಲೆ, ಊರು ಬದಲಾವಣೆ ಎಲ್ಲರಿಗೂ ಇದ್ದದ್ದೇ. ಸಾಧ್ಯವಾದರೆ ಎರಡು ವಾರ ಮೊದಲೇ ತಿಳಿಸಿ, ನಿಮ್ಮ ಬಳಿ ಇರುವ ಕೀಲಿ, ಪಟ್ಟಿ, ಫೋನ್ ನಂಬರ್‌ಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ. ಹಿರಿಯರನ್ನೋ ಚಿಕ್ಕ ಮಕ್ಕಳನ್ನೋ ನಿಯಮಿತವಾಗಿ ನೋಡಲು ಹೋಗುತ್ತಿದ್ದರೆ, ನಿಮ್ಮ ಮಗುವನ್ನೂ ಕರೆದುಕೊಂಡು ಹೋಗಿ ಕೊನೆಯ ಭೇಟಿ ಇದು ಅಂತ ಎದುರಿಗೇ ಹೇಳಿ. ಬದಲಿಗೆ ಬರುವ ಕುಟುಂಬ ಗೊತ್ತಾಗಿದ್ದರೆ ಅವರನ್ನೂ ಅದೇ ದಿನ ಪರಿಚಯ ಮಾಡಿಸಿ.